ಮೆದುಳೇ ಇಲ್ಲದ ಬ್ಯಾಕ್ಟೀರಿಯಾಗೆ ಔಷಧಿ ಮುರಿಯೋ ವಿದ್ಯೆ ಬಂದದ್ದು ಎಲ್ಲಿಂದ?

ಕುತೂಹಲಿ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೀತಿರೋ ಪ್ರಶ್ನೆ. ಪೇಪರಲ್ಲಿ, ಟೀವೀಲಿ "ಬ್ಯಾಕ್ಟೀರಿಯಾಗಳು ಆಂಟಿಬಯೋಟಿಕ್‌ಗೆ ಒಗ್ಗಿಹೋಗಿವೆ", "ಎದುರಿಸೋದನ್ನ ಕಲಿತುಬಿಟ್ಟಿವೆ" ಅಂತ ಹೇಳ್ತಾನೇ ಇರ್ತಾರೆ. ಇರೋದೇ ಒಂದು ಜೀವಕೋಶ. ಔಷಧಿ ತಾಗಿ ಸತ್ತದ್ದು ಏನು ಕಲಿಯತ್ತೆ? ಸಾಯದೆ ಉಳಿದದ್ದು ಮೊದಲೇ ಉಳಿಯೋ ಹಾಗಿತ್ತು ಅಂದ್ರೆ ಅದು ಕಲಿಕೆ ಹೇಗಾಗತ್ತೆ?

ಇನ್ನೊಂದು. ಪೆನಿಸಿಲಿನ್ ಪತ್ತೆಯಾಗಿದ್ದು 1928ರಲ್ಲಿ. ಅದನ್ನ ಮುರಿಯೋಕೆ ಅಂತಲೇ ಹೇಳಿ ಮಾಡಿಸಿದಂಥ ಕಿಣ್ವ ಇಷ್ಟು ಬೇಗ ಎಲ್ಲಿಂದ ಬಂತು? ಹೊಸ ಕಿಣ್ವ ಹುಟ್ಟೋಕೆ ಯುಗಗಳೇ ಬೇಕಲ್ವಾ? ಗೊತ್ತಿರೋರು ಬಿಡಿಸಿ ಹೇಳಿ. "ಗೂಗಲ್ ಮಾಡಿ" ಅನ್ನೋರು ದಯವಿಟ್ಟು ಮುಂದಿನ ಚರ್ಚೆಗೆ ಹೋಗಿ.

ಅಡ್ಡಪ್ರಶ್ನೆ
ಮೆದುಳಿದ್ದೋರೆಲ್ಲ ಕಲೀತಾರೆ ಅಂತ ನಂಬಿದೀರಲ್ಲ, ಈ ವೇದಿಕೆಗೆ ಹೊಸಬರಾ?

ಪೆಟ್ರಿ_ತಟ್ಟೆ
ಕುತೂಹಲಿ ಅವರೇ, ಉತ್ತರದ ಅರ್ಧ ನಿಮ್ಮ ಪ್ರಶ್ನೆಯಲ್ಲೇ ಇದೆ. ಬದುಕಿದ್ದು ಮೊದಲೇ ಬದುಕೋ ಹಾಗಿತ್ತು, ಅಷ್ಟೇ. ಅನುಕೂಲ ಇದ್ದರೆ ಕರುಳಲ್ಲಿರೋ ಇ. ಕೋಲೈ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗ ಆಗತ್ತೆ. ಪ್ರತಿ ಸಲ ಡಿಎನ್‌ಎ ನಕಲು ಮಾಡುವಾಗ ಎಲ್ಲೋ ಅಪರೂಪಕ್ಕೆ ಒಂದಕ್ಷರ ತಪ್ಪತ್ತೆ. ಅಪರೂಪ ಅಂದರೂ ಲೆಕ್ಕ ನಡೀತಿರೋದು ಕೋಟಿಗಳಲ್ಲಿ. ಆ ತಪ್ಪುಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದವು, ಕೆಲವು ಕೋಶವನ್ನೇ ಕೊಲ್ಲೋವು. ಯಾವುದೋ ಒಂದು ಮಾತ್ರ ಔಷಧಿ ಅಂಟಿಕೊಳ್ಳೋ ಜಾಗದ ಆಕಾರವನ್ನೇ ಚೂರು ಬದಲಿಸಿಬಿಟ್ಟಿರತ್ತೆ. ಔಷಧಿ ಬರೋ ತನಕ ಅದರಿಂದ ಯಾವ ಲಾಭವೂ ಇಲ್ಲ. ಬಂದ ಮೇಲೆ ಅಕ್ಕಪಕ್ಕದವೆಲ್ಲ ಸತ್ತು, ಊಟ, ಜಾಗ ಎರಡೂ ಅದೊಂದಕ್ಕೇ.

ಇದನ್ನ 1943ರಲ್ಲೇ ಲೂರಿಯಾ ಮತ್ತು ಡೆಲ್‌ಬ್ರುಕ್ ಅನ್ನೋ ವಿಜ್ಞಾನಿಗಳು ಚಂದವಾಗಿ ತೋರಿಸಿದ್ರು. ಒಂದೇ ಮೂಲದ ಬ್ಯಾಕ್ಟೀರಿಯಾವನ್ನ ಚೂರು ಚೂರು ಬೇರೆ ಬೇರೆ ಕೊಳವೆಗೆ ಹಾಕಿ ಬೆಳೆಸಿದ್ರು. ಆಮೇಲೆ ಪ್ರತಿ ಕೊಳವೆಯದನ್ನೂ ಕೊಲ್ಲೋ ವಸ್ತು ಹಚ್ಚಿದ ತಟ್ಟೆ ಮೇಲೆ ಸುರಿದ್ರು. ಪೆಟ್ಟು ಬಿದ್ದ ಮೇಲೆ "ಕಲಿಯೋದು" ನಿಜ ಆಗಿದ್ರೆ ಎಲ್ಲ ತಟ್ಟೆಯಲ್ಲೂ ಹೆಚ್ಚುಕಮ್ಮಿ ಒಂದೇ ಸಂಖ್ಯೆ ಉಳೀಬೇಕಿತ್ತು. ಉಳಿದದ್ದು ಹಾಗಲ್ಲ. ಎಷ್ಟೋ ತಟ್ಟೆಯಲ್ಲಿ ಸೊನ್ನೆ, ಕೆಲವದರಲ್ಲಿ ರಾಶಿ ರಾಶಿ. ರಾಶಿ ಇದ್ದ ಕೊಳವೆಯಲ್ಲಿ ರೂಪಾಂತರ, ಅಂದ್ರೆ ಆ ನಕಲಿನ ತಪ್ಪು, ಬೇಗ ಆಗಿ, ಅದರ ಮಕ್ಕಳು ಮೊಮ್ಮಕ್ಕಳು ಪೆಟ್ಟು ಬೀಳೋ ಮೊದಲೇ ತುಂಬಿಕೊಂಡಿದ್ವು ಅಂತ ಅರ್ಥ.

ಗೂಬೆ_ಕಣ್ಣು
ಅವರು ಹಚ್ಚಿದ "ಕೊಲ್ಲೋ ವಸ್ತು" ಆಂಟಿಬಯೋಟಿಕ್ ಅಲ್ಲ ಸ್ವಾಮೀ, ಬ್ಯಾಕ್ಟೀರಿಯಾ ತಿನ್ನೋ ಫೇಜ್ ವೈರಸ್. ಅದನ್ನ ಜಾರಿಸಿಬಿಟ್ರಲ್ಲ. ವೈರಸ್‌ಗೆ ನಿಜ ಆದದ್ದು ಔಷಧಿಗೂ ನಿಜ ಅನ್ನೋಕೆ ಪ್ರತ್ಯೇಕ ಸಾಕ್ಷಿ ಬೇಕು.

ಪೆಟ್ರಿ_ತಟ್ಟೆ
ಸಾಕ್ಷಿ 1952ರಲ್ಲಿ ಬಂತು. ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಮಖಮಲ್ ಬಟ್ಟೆಯನ್ನ ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಒತ್ತಿ, ಅದೇ ಬಟ್ಟೆಯನ್ನ ಸ್ಟ್ರೆಪ್ಟೊಮೈಸಿನ್ ಇರೋ ತಟ್ಟೆಗೆ ಒತ್ತಿದ್ರು. ಎಲ್ಲಿದ್ದದ್ದು ಅಲ್ಲೇ ಅಚ್ಚಾಗತ್ತೆ. ಔಷಧಿ ತಟ್ಟೆಯಲ್ಲಿ ಬೆಳೆದ ಜಾಗ ನೋಡಿಕೊಂಡು, ಮೂಲ ತಟ್ಟೆಯ ಅದೇ ಜಾಗದಿಂದ ತೆಗೆದು ಮತ್ತೆ ಬೆಳೆಸಿ ಮತ್ತೆ ಒತ್ತಿ, ಕೊನೆಗೆ ಪೂರ್ತಿ ನಿರೋಧಕ ಆಗಿರೋ ಬೆಳೆ ಪಡೆದ್ರು. ಆ ಸಂತತಿ ಔಷಧಿಯ ಮುಖವನ್ನೇ ನೋಡಿರಲಿಲ್ಲ. ಸಾಕಾ?

ಗೂಬೆ_ಕಣ್ಣು
ಇದಾದ್ರೆ ಸಾಕು.

ನೀಲಿಶಾಯಿ
ಎರಡನೇ ಪ್ರಶ್ನೆಗೆ ನಾನು ಬರ್ತೀನಿ. ಪೆನಿಸಿಲಿನ್ ನಮಗೆ ಹೊಸದು, ಮಣ್ಣಿಗೆ ಹೊಸದಲ್ಲ. ಆಂಟಿಬಯೋಟಿಕ್‌ಗಳಲ್ಲಿ ಬಹಳಷ್ಟನ್ನ ನಾವು ಕದ್ದದ್ದೇ ಬೂಷ್ಟಿನಿಂದ, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಥರದ ಬ್ಯಾಕ್ಟೀರಿಯಾಗಳಿಂದ. ವಿಷ ತಯಾರಿಸೋ ಜೀವಿಗೆ ತನ್ನ ವಿಷದಿಂದ ತಾನು ಪಾರಾಗೋ ದಾರಿ ಇರಲೇಬೇಕು. ಪಕ್ಕದಲ್ಲಿ ಬದುಕೋವಕ್ಕೂ ಬೇಕು. ಆ ಕಿಣ್ವಗಳು ಹುಟ್ಟಿದ್ದು ನಾವು ಹುಟ್ಟೋಕಿಂತ ಎಷ್ಟೋ ಮುಂಚೆ.

2011ರಲ್ಲಿ ಕೆನಡಾದ ಯೂಕಾನ್‌ನಲ್ಲಿ 30,000 ವರ್ಷ ಹಳೆಯ ಹೆಪ್ಪುನೆಲದಿಂದ ತೆಗೆದ ಡಿಎನ್‌ಎಯಲ್ಲಿ ಪೆನಿಸಿಲಿನ್ ಗುಂಪು, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್ ಮೂರಕ್ಕೂ ಎದುರಾಗೋ ಜೀನ್‌ಗಳು ಸಿಕ್ಕವು. ಮುಂದಿನ ವರ್ಷ ಅಮೆರಿಕದ ಲೆಚುಗಿಯಾ ಗುಹೆಯ ವರದಿ ಬಂತು. ಸುಮಾರು 40 ಲಕ್ಷ ವರ್ಷ ಹೊರಗಿನ ಸಂಪರ್ಕ ಇಲ್ಲದ ಭಾಗ ಅದು. ಅಲ್ಲಿನ ಕೆಲವು ಬ್ಯಾಕ್ಟೀರಿಯಾ ನಮ್ಮ 14 ಆಂಟಿಬಯೋಟಿಕ್‌ಗಳ ತನಕ ಜಗ್ಗಲಿಲ್ಲ. ಯಾವ ವೈದ್ಯರ ಚೀಟಿಯೂ ಆ ಗುಹೆಗೆ ಹೋಗಿರಲಿಲ್ಲ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಪೆನಿಸಿಲಿನ್ ನಾಶ ಮಾಡೋ ಕಿಣ್ವದ ಬಗ್ಗೆ ವಿಜ್ಞಾನಿಗಳಾದ ಏಬ್ರಹಾಂ ಮತ್ತು ಚೈನ್ 1940ರಲ್ಲೇ ಬರೆದಿದ್ರು. ಆಗಿನ್ನೂ ಆ ಔಷಧಿ ರೋಗಿಗಳ ಕೈಗೆ ಬಂದಿರಲೇ ಇಲ್ಲ!

ಬಿರುಗಾಳಿ
ಅಲ್ರೀ, ಹುಟ್ಟಿದ್ದು ಎಲ್ಲಿ ಅಂತ ತಿಳೀತು. ಆದ್ರ ಒಳಗ ಬಂದ ಔಷಧಕ್ಕ ಅದು ಏನು ಮಾಡತೈತಿ ಅಂತ ಯಾರೂ ಹೇಳವಲ್ರಿ. ಕಿಣ್ವ ಅಂದ್ರಿ, ಮುರೀತೈತಿ ಅಂದ್ರಿ. ಬರೇ ಮುರಿಯೂದೊಂದೇ ಏನ್ರೀ ಅದರ ಕಡೆ ಇರೂದು?

ಪೆಟ್ರಿ_ತಟ್ಟೆ
ಒಂದೇ ಅಲ್ಲ ಬಿರುಗಾಳಿ ಅವರೇ. ಮುರಿಯೋದು ಎಲ್ಲಕ್ಕಿಂತ ಪ್ರಸಿದ್ಧ. ಪೆನಿಸಿಲಿನ್ ಅಣುವಿನ ನಡುವೆ ನಾಲ್ಕು ಪರಮಾಣುಗಳ ಒಂದು ಬಿಗಿ ಉಂಗುರ ಇರತ್ತೆ, ಬೀಟಾ-ಲ್ಯಾಕ್ಟಮ್. ಔಷಧಿಯ ಜೀವವೆಲ್ಲ ಅದರಲ್ಲಿ. ಬೀಟಾ-ಲ್ಯಾಕ್ಟಮೇಸ್ ಕಿಣ್ವ ಆ ಉಂಗುರವನ್ನ ನೀರಿನ ಅಣು ಸೇರಿಸಿ ಬಿಚ್ಚಿಬಿಡತ್ತೆ. ಅಮಿನೊಗ್ಲೈಕೊಸೈಡ್ ಗುಂಪಿನ (ಸ್ಟ್ರೆಪ್ಟೊಮೈಸಿನ್ ಥರದ) ಔಷಧಿಗಳನ್ನ ಮುರಿಯೋದೂ ಇಲ್ಲ, ಅದಕ್ಕೆ ಒಂದು ಅಸಿಟೈಲನ್ನೋ ಫಾಸ್ಫೇಟನ್ನೋ ಅಂಟಿಸಿ, ಪ್ರೋಟೀನ್ ತಯಾರಿಸೋ ರೈಬೋಸೋಮ್ ಮೇಲೆ ಕೂರದ ಹಾಗೆ ಮಾಡತ್ತೆ.

ಎರಡನೇದು ಹೊರಗೆ ಹಾಕೋದು. ಪೊರೆಯಲ್ಲೇ ಪಂಪುಗಳು ಇರ್ತವೆ, ತೂತಾದ ದೋಣಿಯಿಂದ ನೀರು ಮೊಗೆದು ಚೆಲ್ಲಿದ ಹಾಗೆ ಬಂದ ಔಷಧಿಯನ್ನ ಚೆಲ್ತಾನೇ ಇರತ್ತೆ. ಇ. ಕೋಲೈನ ಒಂದೇ ಪಂಪ್ ವ್ಯವಸ್ಥೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಔಷಧಿಗಳನ್ನ ಹೊರಗೆ ಹಾಕಬಲ್ಲದು. ಬಾಗಿಲನ್ನೇ ಮುಚ್ಚೋವೂ ಇವೆ. ಸ್ಯೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ತನ್ನ ಹೊರಪೊರೆಯ ಒಂದು ರಂಧ್ರ-ಪ್ರೋಟೀನನ್ನ ಕೈಬಿಟ್ರೆ ಇಮಿಪೆನೆಮ್ ಅನ್ನೋ ಔಷಧಿಗೆ ಒಳಗೆ ಬರೋ ದಾರಿಯೇ ಹೆಚ್ಚುಕಮ್ಮಿ ಬಂದ್.

ನನಗೆ ಎಲ್ಲಕ್ಕಿಂತ ಅಚ್ಚರಿ ಅನ್ನಿಸೋದು ಗುರಿಯನ್ನೇ ಬದಲಿಸೋ ಉಪಾಯ. ವ್ಯಾಂಕೊಮೈಸಿನ್ ನೋಡಿ. ಕೋಶಗೋಡೆ ಕಟ್ಟೋಕೆ ಬರೋ ಪ್ರತಿ ತುಣುಕಿನ ತುದಿಯಲ್ಲೂ ಡಿ-ಅಲನಿನ್ ಅನ್ನೋ ಅಮೈನೊ ಆಮ್ಲ ಎರಡು ಇರ್ತವೆ. ಔಷಧಿ ಆ ತುದಿಯನ್ನ ಐದು ಹೈಡ್ರೋಜನ್ ಬಂಧಗಳಿಂದ ಹಿಡಿದು ಕೂತುಬಿಡತ್ತೆ, ಗೋಡೆ ಮುಂದಕ್ಕೆ ಏಳಲ್ಲ. ನಿರೋಧಕ ಎಂಟೆರೊಕಾಕಸ್ ಬ್ಯಾಕ್ಟೀರಿಯಾ ಕೊನೆಯ ಅಲನಿನ್ ತೆಗೆದು ಅಲ್ಲಿ ಲ್ಯಾಕ್ಟೇಟ್ ಇಡತ್ತೆ. ಐದರಲ್ಲಿ ಒಂದು ಬಂಧ ಹೋಯ್ತು, ಹಿಡಿತ ಸುಮಾರು ಸಾವಿರ ಪಟ್ಟು ಸಡಿಲ ಆಯ್ತು. ಇದಕ್ಕೆ ಒಂದೇ ಜೀನ್ ಸಾಲದು. ಲ್ಯಾಕ್ಟೇಟ್ ತಯಾರಿಸೋಕೆ ಒಂದು, ಜೋಡಿಸೋಕೆ ಒಂದು, ಹಳೇ ನಮೂನೆಯ ತುದಿ ಎಲ್ಲೂ ಉಳೀದ ಹಾಗೆ ಹುಡುಕಿ ಕತ್ತರಿಸೋಕೆ ಇನ್ನೊಂದು. ಪೂರಾ ತಂಡವೇ ಒಟ್ಟಿಗೆ ಬರತ್ತೆ. 1958ರಿಂದ ಬಳಕೆಯಲ್ಲಿದ್ದ ಔಷಧಿಗೆ ಇಂಥ ಎಂಟೆರೊಕಾಕಸ್ ಆಸ್ಪತ್ರೆಗಳಲ್ಲಿ ಕಂಡದ್ದು ಎಂಬತ್ತರ ದಶಕದ ಕೊನೆಯ ಭಾಗದಲ್ಲಿ.

ಬಿರುಗಾಳಿ
ಯಪ್ಪಾ! ಇದನ್ನೆಲ್ಲಾ ಯಾರೋ ಕುಂತು ಯೋಚನೆ ಮಾಡ್ಯಾರ ಅನ್ನಿಸ್ತೈತಿ ನೋಡ್ರಿ.

ವಾರ್ಡ್_ಡ್ಯೂಟಿ
ಪೆಟ್ರಿ ಹೇಳಿದ್ದಕ್ಕೆ ಆಸ್ಪತ್ರೆ ಕಡೆಯಿಂದ ಒಂದಿಷ್ಟು. ಕಿಣ್ವ ಮುರೀತಿದೆ ಅಂತ ಗೊತ್ತಾದ ಮೇಲೆ ಕಿಣ್ವವನ್ನೇ ಕಟ್ಟಿಹಾಕೋ ಕ್ಲಾವುಲನಿಕ್ ಆಮ್ಲ ಬಂತು. ಅಮಾಕ್ಸಿಸಿಲಿನ್ ಜೊತೆ ಕೊಡೋದು ಅದನ್ನೇ. ಅದೂ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ದೇ ಕೊಡುಗೆ. ಸ್ಟ್ಯಾಫ್ (ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ) ಆದ್ರೆ ಬೇರೆ ದಾರಿ ಹಿಡೀತು. ಕಿಣ್ವಕ್ಕೆ ಬಗ್ಗದ ಮೆಥಿಸಿಲಿನ್ ಬಂದು ಒಂದೆರಡು ವರ್ಷದಲ್ಲೇ, 1961ರಲ್ಲಿ, ಬ್ರಿಟನ್‌ನಲ್ಲಿ ನಿರೋಧಕ ತಳಿ ವರದಿ ಆಯ್ತು. ಅದೇ ಎಂಆರ್‌ಎಸ್‌ಎ, ಅಂದ್ರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್. ಅದು ಔಷಧಿಯನ್ನ ಮುಟ್ಟೋದೇ ಇಲ್ಲ. ಗೋಡೆ ಕಟ್ಟೋಕೆ ಔಷಧಿ ಸರಿಯಾಗಿ ಅಂಟದ ಬೇರೆ ಪ್ರೋಟೀನ್ ಇಟ್ಕೊಂಡಿದೆ. ಇಂಥದರ ಮುಂದೆ ಕ್ಲಾವುಲನಿಕ್ ಆಮ್ಲ ಸೇರಿಸಿ ಕೊಟ್ರೂ ಉಪಯೋಗ ಇಲ್ಲ, ಕಟ್ಟಿಹಾಕೋಕೆ ಅಲ್ಲಿ ಕಿಣ್ವವೇ ಸಮಸ್ಯೆ ಅಲ್ಲವಲ್ಲ. ಸತುವಿನ ಅಯಾನು ಬಳಸಿ ಕೆಲಸ ಮಾಡೋ ಬೀಟಾ-ಲ್ಯಾಕ್ಟಮೇಸ್‌ಗಳೂ ಇವೆ. ಅವಕ್ಕೂ ಈ ಆಮ್ಲ ನಾಟಲ್ಲ.

ಹೊಸಬ_07
ಸರ್ ನನಗೆ ನೆಗಡಿ ಕೆಮ್ಮು. ಹೋದ ಸಲದ ಅಮಾಕ್ಸಿಸಿಲಿನ್ ಅರ್ಧ ಸ್ಟ್ರಿಪ್ ಉಳಿದಿದೆ. ತಗೋಬಹುದಾ?

ವಾರ್ಡ್_ಡ್ಯೂಟಿ
ಬೇಡಪ್ಪ. ನೆಗಡಿ ವೈರಸ್‌ನಿಂದ ಬರೋದು. ವೈರಸ್‌ಗೆ ಕೋಶಗೋಡೆಯೇ ಇಲ್ಲ, ಅಮಾಕ್ಸಿಸಿಲಿನ್ ಹೋಗಿ ಏನು ಮಾಡತ್ತೆ? ನಿಮ್ಮ ಕರುಳಲ್ಲಿ ಸುಮ್ಮನಿರೋ ಬ್ಯಾಕ್ಟೀರಿಯಾಗೆ ಮಾತ್ರ ಪೆಟ್ಟು.

ನಿರ್ವಾಹಕ
ಸ್ವಂತ ಕಾಯಿಲೆಗೆ ಇಲ್ಲಿ ಔಷಧಿ ಕೇಳಬೇಡಿ, ಹೇಳಲೂಬೇಡಿ. ವೈದ್ಯರನ್ನ ಕಾಣಿ. ಚರ್ಚೆ ಮುಂದುವರಿಯಲಿ.

ಗೂಬೆ_ಕಣ್ಣು
ನಾನೊಂದು ತಕರಾರು ಎತ್ತಬೇಕು. "ಎಲ್ಲ ಮೊದಲೇ ಇತ್ತು, ಬ್ಯಾಕ್ಟೀರಿಯಾಗೆ ಏನೂ ತಿಳಿಯಲ್ಲ" ಅಂತ ಪೆಟ್ರಿ ಸಲೀಸಾಗಿ ಹೇಳಿ ಮುಗಿಸಿದ್ರು. ಜೀನ್ ಮೊದಲೇ ಇತ್ತು ಅನ್ನೋದು ಸರಿ. ಆದರೆ ಅದು ಸದಾ ಕೆಲಸ ಮಾಡ್ತಿರಲ್ಲ. ಸ್ಟ್ಯಾಫ್‌ನ ಪೊರೆಯಲ್ಲಿ ಪೆನಿಸಿಲಿನ್ ತಾಗಿದ್ರೆ ಎಚ್ಚರ ಆಗೋ ಪ್ರೋಟೀನ್ ಇದೆ. ಅದು ಒಳಗೆ ಸುದ್ದಿ ಮುಟ್ಟಿಸಿದ ಮೇಲೇ ಕಿಣ್ವ ರಾಶಿ ರಾಶಿ ತಯಾರಾಗೋದು. ವ್ಯಾಂಕೊಮೈಸಿನ್ ತಂಡಕ್ಕೂ ಹಾಗೇ ಕಾವಲು ಕಾಯೋ ಜೋಡಿ ಪ್ರೋಟೀನ್ ಇದೆ. ಔಷಧಿ ಇಲ್ಲದಾಗ ಸುಮ್ಮನೆ ತಯಾರಿಸ್ತಾ ಕೂತ್ರೆ ಶಕ್ತಿ ದಂಡ. ಅಂದ್ಮೇಲೆ ಗುರುತಿಸೋದಂತೂ ಇದೆ.

ಇನ್ನೂ ಇದೆ. ಸಿಪ್ರೊಫ್ಲಾಕ್ಸಾಸಿನ್ ಥರದ ಔಷಧಿ ಡಿಎನ್‌ಎ ತುಂಡು ಮಾಡಿದಾಗ ಕೋಶ ಎಸ್‌ಒಎಸ್ ಅನ್ನೋ ತುರ್ತು ವ್ಯವಸ್ಥೆಗೆ ಹೋಗತ್ತೆ. ಆಗ ಹರುಕುಮುರುಕು ನಕಲು ಮಾಡೋ ಕಿಣ್ವಗಳು ಕೆಲಸಕ್ಕೆ ಇಳೀತವೆ, ರೂಪಾಂತರದ ವೇಗ ಏರತ್ತೆ. ಅಂದ್ರೆ ಪೆಟ್ಟು ಬಿದ್ದ ಮೇಲೂ ಹೊಸ ತಪ್ಪುಗಳು ಹೆಚ್ಚು ಹುಟ್ಟತ್ವೆ. ಇದನ್ನ ಬಿಟ್ಟು ಹೇಳೋದು ಅರ್ಧ ಕಥೆ.

ಪೆಟ್ರಿ_ತಟ್ಟೆ
ತಪ್ಪುಗಳು ಹೆಚ್ಚಾಗತ್ವೆ, ಒಪ್ಪಿದೆ. ಬೇಕಾದ ತಪ್ಪೇ ಆಗಲ್ಲವಲ್ಲ! ಯಾವ ಅಕ್ಷರ ಬದಲಿಸಬೇಕು ಅಂತ ಆಗಲೂ ಅದಕ್ಕೆ ಗೊತ್ತಿಲ್ಲ. ಕುತೂಹಲಿ ಕೇಳಿದ್ದು "ಕಲಿಕೆ" ಬಗ್ಗೆ. ಸ್ವಿಚ್ ಒತ್ತಿದ್ರೆ ದೀಪ ಹತ್ತೋದನ್ನ ದೀಪ ಕಲೀತು ಅಂತೀರಾ?

ಗೂಬೆ_ಕಣ್ಣು
ಸ್ವಿಚ್ಚೇ ಇಲ್ಲ ಅನ್ನೋ ಹಾಗೆ ಬರೆದವರು ನೀವು.

ಕುತೂಹಲಿ
ಇಬ್ರೂ ನಿಲ್ಲಿಸಿ, ಇಬ್ರದ್ದೂ ನನಗೆ ಅರ್ಥ ಆಯ್ತು. ಆದರೆ ಈ "ಪೂರಾ ತಂಡ ಒಟ್ಟಿಗೆ ಬರತ್ತೆ" ಅಂದ್ರಲ್ಲ, ಬರೋದು ಎಲ್ಲಿಂದ? ನಕಲು ತಪ್ಪಿ ತಪ್ಪಿ ಅಷ್ಟೂ ಜೀನ್ ಹುಟ್ಟೋಕೆ ಸಾಧ್ಯ ಇಲ್ಲ.

ನೀಲಿಶಾಯಿ
ಪಕ್ಕದವರಿಂದ. ಜೀನ್‌ಗಳು ತಾಯಿಯಿಂದ ಮಗಳಿಗೆ ಮಾತ್ರ ಹೋಗಬೇಕು ಅನ್ನೋ ನಿಯಮ ಬ್ಯಾಕ್ಟೀರಿಯಾ ಲೋಕದಲ್ಲಿ ಇಲ್ಲ. ಮುಖ್ಯ ಡಿಎನ್‌ಎ ಅಲ್ಲದೆ ಪ್ಲಾಸ್ಮಿಡ್ ಅನ್ನೋ ಚಿಕ್ಕ ಉಂಗುರಗಳೂ ಅವುಗಳಲ್ಲಿ ಇರ್ತವೆ. ಎರಡು ಬ್ಯಾಕ್ಟೀರಿಯಾ ತಾಗಿಕೊಂಡು ಪ್ಲಾಸ್ಮಿಡ್‌ನ ಪ್ರತಿ ದಾಟಿಸಬಹುದು, ಬೇರೆ ಬೇರೆ ಜಾತಿಯವಾದ್ರೂ. ಸತ್ತ ಕೋಶದಿಂದ ಚೆಲ್ಲಿದ ಡಿಎನ್‌ಎ ಎಳ್ಕೊಳ್ಳೋವೂ ಇವೆ, ಫೇಜ್ ವೈರಸ್ ಹೊತ್ತು ತರೋದೂ ಉಂಟು.

ಇದು ಗೊತ್ತಾದ ಕಥೆ ಸ್ವಾರಸ್ಯವಾಗಿದೆ. ಐವತ್ತರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿ ತರೋ ಶಿಗೆಲ್ಲಾ ತಳಿಗಳು ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ನಾಲ್ಕಕ್ಕೂ ಒಟ್ಟಿಗೇ ಜಗ್ಗದೆ ನಿಂತವು. ಒಂದೊಂದಕ್ಕೂ ಬೇರೆ ಬೇರೆ ರೂಪಾಂತರ ಆಗಿ ನಾಲ್ಕೂ ಒಂದೇ ಕೋಶದಲ್ಲಿ ಸೇರೋದು ನಂಬೋ ಮಾತಲ್ಲ. ಅಲ್ಲಿನ ಸಂಶೋಧಕರು ನಿರೋಧಕ ಶಿಗೆಲ್ಲಾ ಜೊತೆ ಸಾಧಾರಣ ಇ. ಕೋಲೈ ಬೆಳೆಸಿ ನೋಡಿದ್ರು. ಇ. ಕೋಲೈಗೂ ನಾಲ್ಕೂ ಗುಣ ಬಂದಿತ್ತು, ಒಂದೇ ಗಂಟಿನಲ್ಲಿ. ಕೊನೆಯ ಅಸ್ತ್ರ ಅಂತ ಎತ್ತಿಟ್ಟಿದ್ದ ಕೊಲಿಸ್ಟಿನ್‌ಗೂ ಪ್ಲಾಸ್ಮಿಡ್ ಮೇಲೆ ಕೂತು ಓಡಾಡೋ ಜೀನ್ ಇದೆ ಅಂತ ಚೀನಾದಿಂದ 2015ರಲ್ಲಿ ವರದಿ ಬಂತು.

ಅಡ್ಡಪ್ರಶ್ನೆ
ಕಲಿಯೋದಿಲ್ಲ, ಪಕ್ಕದವನದ್ದು ನೋಡಿ ಬರೆಯತ್ತೆ. ನನ್ನ ಪರೀಕ್ಷೆಗಳೆಲ್ಲ ನೆನಪಾದ್ವು.

ವಾರ್ಡ್_ಡ್ಯೂಟಿ
ಇದಕ್ಕೊಂದು ದೊಡ್ಡ ಅಪವಾದ ಇದೆ: ಕ್ಷಯ. ಟಿಬಿ ಬ್ಯಾಕ್ಟೀರಿಯಾ ಪ್ಲಾಸ್ಮಿಡ್ ಹಂಚಿಕೊಳ್ಳಲ್ಲ. ಅದರ ಔಷಧಿ ನಿರೋಧವೆಲ್ಲ ಸ್ವಂತ ಡಿಎನ್‌ಎಯ ರೂಪಾಂತರವೇ. ಅದಕ್ಕೇ ಹಲವು ಔಷಧಿ ಒಟ್ಟಿಗೆ ಕೊಡೋ ಲೆಕ್ಕ ಅಲ್ಲಿ ಕೂಡಿಬರತ್ತೆ. ಐಸೊನಯಾಜಿಡ್‌ಗೆ ಬಗ್ಗದ್ದು ಸುಮಾರು ಹತ್ತು ಲಕ್ಷಕ್ಕೆ ಒಂದು, ರಿಫಾಂಪಿಸಿನ್‌ಗೆ ಸುಮಾರು ಹತ್ತು ಕೋಟಿಗೆ ಒಂದು. ಎರಡಕ್ಕೂ ಬಗ್ಗದ್ದು ಬೇಕಂದ್ರೆ ಕೋಟಿಯನ್ನ ಕೋಟಿಯಿಂದ ಗುಣಿಸಿದಷ್ಟರಲ್ಲಿ ಒಂದು. ಒಬ್ಬ ರೋಗಿಯ ಶ್ವಾಸಕೋಶದಲ್ಲಿ ಅಷ್ಟು ಬ್ಯಾಕ್ಟೀರಿಯಾ ಇರೋದೇ ಇಲ್ಲ. ಒಂದೇ ಔಷಧಿ ಕೊಟ್ರೆ ಅಥವಾ ರೋಗಿ ಒಂದನ್ನ ನುಂಗಿ ಇನ್ನೊಂದನ್ನ ಬಿಟ್ರೆ ಈ ಗುಣಾಕಾರ ಮುರಿದುಬೀಳತ್ತೆ.

ಕುತೂಹಲಿ
ಹಾಗಾದ್ರೆ "ಕೋರ್ಸ್ ಪೂರ್ತಿ ಮುಗಿಸದಿದ್ರೆ ಬ್ಯಾಕ್ಟೀರಿಯಾಗೆ ನಿರೋಧಕ ಶಕ್ತಿ ಬರತ್ತೆ" ಅಂತಾರಲ್ಲ, ಅದು ಇದಕ್ಕೇನಾ?

ಗೂಬೆ_ಕಣ್ಣು
ಕ್ಷಯಕ್ಕೆ ನಿಜ. ಎಲ್ಲ ಸೋಂಕಿಗೂ ಅದೇ ಮಂತ್ರ ಹೇಳೋದಕ್ಕೆ ಆಧಾರ ಕಡಿಮೆ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೇ ತಜ್ಞರು ಇದನ್ನ ಪ್ರಶ್ನೆ ಮಾಡಿದ್ರು. ನಿರೋಧಕ ಬ್ಯಾಕ್ಟೀರಿಯಾ ಎಷ್ಟೋ ಸಲ ಹುಟ್ಟೋದು ಸೋಂಕಿನ ಜಾಗದಲ್ಲಿ ಅಲ್ಲ. ಕರುಳು, ಚರ್ಮ, ಗಂಟಲಲ್ಲಿ ತಮ್ಮ ಪಾಡಿಗೆ ಇರೋ ಬ್ಯಾಕ್ಟೀರಿಯಾಗಳ ಮೇಲೂ ಔಷಧಿಯ ಒತ್ತಡ ಬೀಳತ್ತಲ್ಲ, ಅಲ್ಲಿ. ಔಷಧಿ ಹೆಚ್ಚು ದಿನ ನಡೆದಷ್ಟೂ ಅಲ್ಲಿ ಆಯ್ಕೆ ಹೆಚ್ಚು.

ವಾರ್ಡ್_ಡ್ಯೂಟಿ
ಗೂಬೆಯವರೇ, ನೀವು ಬರೆದದ್ದು ಸರಿ, ಆದರೆ ಓದಿದೋರು ಮೂರನೇ ದಿನ ಜ್ವರ ಇಳೀತು ಅಂತ ಮಾತ್ರೆ ನಿಲ್ಲಿಸಿಬಿಡ್ತಾರೆ. ಕೋರ್ಸ್ ಎಷ್ಟು ಚಿಕ್ಕದಿದ್ರೆ ಸಾಕು ಅನ್ನೋದು ಕಾಯಿಲೆ ಕಾಯಿಲೆಗೆ ಬೇರೆ. ಎಷ್ಟೋ ಸೋಂಕಿಗೆ ನಾವೇ ಈಗ ಹಿಂದಿಗಿಂತ ಕಡಿಮೆ ದಿನ ಬರೀತಿದ್ದೀವಿ. ಅದನ್ನ ನಿರ್ಧರಿಸೋದು ಬರೆದುಕೊಟ್ಟವರ ಕೆಲಸ. ಕಡಿಮೆ ಪ್ರಮಾಣ ತಗೊಂಡ್ರೆ ಸೂಕ್ಷ್ಮಾಣು ಸಾಯದೆ ನಿರೋಧಕ ಆದಾವು ಅಂತ ಪೆನಿಸಿಲಿನ್ ಪತ್ತೆ ಮಾಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದ.

ಹಳೇ_ರೇಡಿಯೋ
ಎಂತ ಮಾರಾಯ್ರೆ, ಇಷ್ಟೆಲ್ಲ ಮಾತಾಡಿ ನಿದ್ದೆ ಮಾಡುವವರನ್ನು ಮರೆತೇಬಿಟ್ಟಿರಲ್ಲ! 1944ರಲ್ಲಿ ಜೋಸೆಫ್ ಬಿಗ್ಗರ್ ಎಂಬವರು ಸ್ಟ್ಯಾಫ್ ಮೇಲೆ ಪೆನಿಸಿಲಿನ್ ಹಾಕಿ ನೋಡಿದರು. ಎಷ್ಟು ಹಾಕಿದರೂ ಬೆರಳೆಣಿಕೆಯಷ್ಟು ಉಳಿಯುತ್ತಿದ್ದವು. ಉಳಿದವನ್ನು ಬೆಳೆಸಿ ಮತ್ತೆ ಪೆನಿಸಿಲಿನ್ ಹಾಕಿದರೆ ಮೊದಲಿನ ಹಾಗೇ ಬಹುಪಾಲು ಸತ್ತವು, ಮತ್ತೆ ನಾಲ್ಕಾರು ಉಳಿದವು. ಅಂದರೆ ಅವು ನಿರೋಧಕ ಅಲ್ಲ, ಜೀನ್ ಬದಲಾಗಿಲ್ಲ. ಬೆಳವಣಿಗೆ ನಿಲ್ಲಿಸಿ ತೆಪ್ಪಗೆ ಕೂತವು. ಪೆನಿಸಿಲಿನ್ ಹೊಡೆಯುವುದು ಗೋಡೆ ಕಟ್ಟುವ ಕೆಲಸವನ್ನು. ಕೆಲಸವೇ ನಡೆಯದಿದ್ದರೆ ಯಾರನ್ನು ಹೊಡೆಯುವುದು?

ಕ್ಯಾತಿಟರ್, ಕೃತಕ ಕೀಲಿನ ಮೇಲೆ ಲೋಳೆ ಹೊದ್ದು ಪದರಗಟ್ಟುವ ಬಯೋಫಿಲ್ಮ್‌ಗಳ ಆಳದಲ್ಲಿ ಇಂಥವು ಇರುತ್ತವೆ. ಲ್ಯಾಬ್ ರಿಪೋರ್ಟಿನಲ್ಲಿ "ಔಷಧಿಗೆ ಬಗ್ಗುತ್ತದೆ" ಅಂತ ಬರುತ್ತದೆ, ರೋಗಿಯಲ್ಲಿ ಸೋಂಕು ಮರುಕಳಿಸುತ್ತಲೇ ಇರುತ್ತದೆ. ಎಷ್ಟೋ ಸಲ ಆ ನಳಿಕೆಯನ್ನೇ ತೆಗೆಯದೆ ಗತಿಯಿಲ್ಲ.

ಪೆಟ್ರಿ_ತಟ್ಟೆ
ಸತ್ತ ಹಾಗೆ ಬಿದ್ದು ಉಳಿಯೋವು ಒಂದಾದ್ರೆ, ಬೇರೆಯವರ ನೆರಳಲ್ಲಿ ಉಳಿಯೋವು ಇನ್ನೊಂದು. ಲ್ಯಾಬಲ್ಲಿ ಕೆಲಸ ಮಾಡಿದೋರಿಗೆಲ್ಲ ಗೊತ್ತು. ಆಂಪಿಸಿಲಿನ್ ತಟ್ಟೆಯಲ್ಲಿ ನಿರೋಧಕ ಕಾಲೊನಿ ಬೆಳೆದು ಸ್ವಲ್ಪ ಹೆಚ್ಚು ಹೊತ್ತು ಬಿಟ್ರೆ ಸುತ್ತ ಚುಕ್ಕಿ ಚುಕ್ಕಿಯಾಗಿ ಪುಟ್ಟ ಕಾಲೊನಿಗಳು ಏಳತ್ವೆ. ಅವುಗಳಲ್ಲಿ ಯಾವ ನಿರೋಧಕ ಜೀನೂ ಇಲ್ಲ. ದೊಡ್ಡದು ಹೊರಗೆ ಬಿಟ್ಟ ಕಿಣ್ವ ಸುತ್ತಲ ಔಷಧಿಯನ್ನ ಸವೆಸಿರತ್ತೆ, ಇವು ಆ ಜಾಗದಲ್ಲಿ ಬಿಟ್ಟಿ ಬೆಳೆದವು. ಹೊಸ ವಿದ್ಯಾರ್ಥಿಗಳು ಆ ಚುಕ್ಕಿಯನ್ನೇ ಹೆಕ್ಕಿ, "ನಿರೋಧಕ ಜೀನ್ ಇರೋ ಪ್ಲಾಸ್ಮಿಡ್ ಇಲ್ವೇ ಇಲ್ಲ" ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂರೋದು ಮಾಮೂಲಿ. ಆಂಪಿಸಿಲಿನ್ ಬದಲು ಕಾರ್ಬೆನಿಸಿಲಿನ್ ಬಳಸಿದ್ರೆ ಈ ಕಾಟ ಕಡಿಮೆ.

ಬಿರುಗಾಳಿ
ಒಂದು ಮಾತು ಕೇಳ್ತೀನ್ರಿ. ಔಷಧ ಕೊಡೂದ ನಿಲ್ಲಿಸಿಬಿಟ್ರ? ಆ ಜೀನ್ ಹೊತ್ಕೊಂಡು ತಿರಗೂದು ಭಾರ ಆಗಿ ತಾವಾಗೇ ಬಿಡಂಗಿಲ್ಲೇನು?

ಗೂಬೆ_ಕಣ್ಣು
ಒಳ್ಳೇ ಪ್ರಶ್ನೆ. ಭಾರ ಇರೋದು ನಿಜ, ಎಷ್ಟೋ ನಿರೋಧಕ ತಳಿಗಳು ಔಷಧಿ ಇಲ್ಲದ ಕಡೆ ನಿಧಾನ ಬೆಳೀತವೆ. ಆದರೆ ಕೆಲವು ಪೀಳಿಗೆ ಕಳೆಯೋದ್ರಲ್ಲಿ ಇನ್ನೊಂದು ಕಡೆ ರೂಪಾಂತರ ಆಗಿ ಆ ನಷ್ಟವನ್ನ ತುಂಬಿಕೊಂಡುಬಿಡಬಹುದು. ನಿರೋಧ ಹಾಗೇ ಉಳಿಯತ್ತೆ. ಇನ್ನು ನೀಲಿಶಾಯಿ ಹೇಳಿದ ಗಂಟು ಇದೆಯಲ್ಲ, ಅದರಲ್ಲಿರೋ ನಾಲ್ಕು ಔಷಧಿಗಳಲ್ಲಿ ಮೂರನ್ನ ನಿಲ್ಲಿಸಿ ಒಂದನ್ನ ಬಳಸ್ತಿದ್ರೂ ನಾಲ್ಕೂ ಗುಣ ಒಟ್ಟಿಗೇ ಉಳೀತವೆ.

ಅಡ್ಡಪ್ರಶ್ನೆ
ಕೈಗೆ ಹಚ್ಚೋ ಸ್ಯಾನಿಟೈಸರ್‌ಗೂ ಹೀಗೇ ಆಗತ್ತಾ? ಹೌದು ಅಂದ್ರೆ ನಾನು ಬಾಟಲಿ ಎಸೀತೀನಿ.

ವಾರ್ಡ್_ಡ್ಯೂಟಿ
ಎಸೀಬೇಡಿ. ಆಲ್ಕೋಹಾಲ್ ಯಾವುದೋ ಒಂದು ಪ್ರೋಟೀನಿಗೆ ಅಂಟೋದಲ್ಲ, ಪೊರೆ, ಪ್ರೋಟೀನ್ ಎಲ್ಲವನ್ನೂ ಒಟ್ಟಿಗೇ ಕೆಡಿಸತ್ತೆ. ಹಾಗಾಗಿ ಒಂದಕ್ಷರ ಬದಲಾಯಿಸಿ ತಪ್ಪಿಸಿಕೊಳ್ಳೋದು ಕಷ್ಟ. ಭೇದಿ ತರೋ ಕ್ಲಾಸ್ಟ್ರಿಡಿಯೊಯಿಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾದ ಬೀಜಕಗಳು ಮಾತ್ರ ಆಲ್ಕೋಹಾಲಿಗೆ ಸಾಯಲ್ಲ. ಅದಕ್ಕೆ ಸೋಪು ನೀರಲ್ಲಿ ತೊಳೆದು ಕಳಚೋದೇ ದಾರಿ.

ಕುತೂಹಲಿ
ಇಷ್ಟೊಂದು ಉಪಾಯ, ಇಷ್ಟೊಂದು ಕೊಡುಕೊಳ್ಳುವಿಕೆ. ಹಾಗಿದ್ರೆ ಇಷ್ಟು ಹೊತ್ತಿಗೆ ಪೆನಿಸಿಲಿನ್ ಯಾವುದಕ್ಕೂ ನಾಟಬಾರದಿತ್ತಲ್ವಾ?

ಪೆಟ್ರಿ_ತಟ್ಟೆ
ನಾಟತ್ತೆ! ಗಂಟಲು ಸೋಂಕು ತರೋ ಸ್ಟ್ರೆಪ್ಟೊಕಾಕಸ್ ಪಯೊಜೆನಿಸ್ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗತ್ತೆ. ಸಿಫಿಲಿಸ್ ತರೋ ಟ್ರೆಪೊನೆಮಾ ಕೂಡ. ಎಂಟು ದಶಕ ಔಷಧಿ ಕೊಟ್ರೂ ಬೀಟಾ-ಲ್ಯಾಕ್ಟಮೇಸ್ ಅವುಗಳ ಮನೆ ಸೇರಿಲ್ಲ. ಗಂಟಲಲ್ಲಿ ಅಕ್ಕಪಕ್ಕ ಆ ಕಿಣ್ವ ಇರೋ ಬೇರೆ ಬ್ಯಾಕ್ಟೀರಿಯಾ ಬೇಕಾದಷ್ಟಿವೆ, ಆದ್ರೂ. ಇನ್ನೊಂದು ದಾರಿ, ಅಂದ್ರೆ ಗೋಡೆ ಕಟ್ಟೋ ಪ್ರೋಟೀನನ್ನೇ ಬದಲಿಸೋದು, ಸ್ಟ್ರೆಪ್ಟೊಕಾಕಸ್‌ಗೆ ತೀರಾ ದುಬಾರಿ ಬೀಳಬಹುದು ಅನ್ನೋದು ಒಂದು ವಾದ.

ಗೂಬೆ_ಕಣ್ಣು
ವಾದ ಅಷ್ಟೇ. ಅದೇ ಕುಲದ ನ್ಯುಮೊಕಾಕಸ್ ಪಕ್ಕದ ಜಾತಿಗಳ ಡಿಎನ್‌ಎ ತುಣುಕು ಎಳ್ಕೊಂಡು ಆ ಪ್ರೋಟೀನನ್ನೇ ತೇಪೆ ಹಾಕಿ ಬದಲಿಸಿಕೊಳ್ತು. ಅದಕ್ಕೆ ಸಾಧ್ಯ ಆದದ್ದು ಇದಕ್ಕೆ ಯಾಕಿಲ್ಲ?

ಪೆಟ್ರಿ_ತಟ್ಟೆ
ನ್ಯುಮೊಕಾಕಸ್ ಹೊರಗಿನ ಡಿಎನ್‌ಎ ಎಳ್ಕೊಳ್ಳೋದ್ರಲ್ಲಿ ಎತ್ತಿದ ಕೈ. ಪಯೊಜೆನಿಸ್‌ಗೆ ಆ ಚಟ ಅಷ್ಟಿಲ್ಲ.

ವಾರ್ಡ್_ಡ್ಯೂಟಿ
ಪಯೊಜೆನಿಸ್ ಸಾಧು ಅಂತ ಯಾರೂ ತಿಳ್ಕೋಬೇಡಿ. ಪೆನಿಸಿಲಿನ್‌ಗೆ ಬಗ್ಗೋ ಇದೇ ಎರಡೂ, ಪೆನಿಸಿಲಿನ್ ಒಗ್ಗದವರಿಗೆ ಬದಲಿಯಾಗಿ ಬಳಸಿದ ಅಜಿತ್ರೋಮೈಸಿನ್‌ಗೆ ಕೈಕೊಟ್ಟಾಗಿದೆ. ಟ್ರೆಪೊನೆಮಾ ರೈಬೋಸೋಮಿನ ಒಂದಕ್ಷರ ಬದಲಿಸಿಕೊಂಡು, ಪಯೊಜೆನಿಸ್ ಅದೇ ಜಾಗಕ್ಕೆ ಮೀಥೈಲ್ ಅಂಟಿಸೋ ಜೀನನ್ನ ಬೇರೆಯವರಿಂದ ಪಡಕೊಂಡು. ಅದಕ್ಕೇ ಪೆನಿಸಿಲಿನ್ ಅಲರ್ಜಿ ಇದೆ ಅಂತ ರೋಗಿ ಹೇಳಿದ್ರೆ ಅದು ನಿಜವಾದ ಅಲರ್ಜಿಯೋ, ಹಿಂದೆಂದೋ ಆದ ಬರೀ ವಾಂತಿಯೋ ಅಂತ ನಾವು ಕೆದಕಿ ಕೆದಕಿ ಕೇಳೋದು.